ಆ ಕ್ಯಾಸೆಟ್ಟಲ್ಲಿ ಕಟ್ ಆಗಿದ್ದ ಜಾಗ

ಈ ಸಲ ಏಪ್ರಿಲ್ 24ಕ್ಕೆ ಊರಲ್ಲಿದ್ದೆ. ಅಣ್ಣಾವ್ರ, ಅಂದ್ರೆ ಡಾ. ರಾಜ್‌ಕುಮಾರ್ ಅವರ, ಹುಟ್ಟಿದ ಹಬ್ಬ ಅಂದ್ರೆ ನಮ್ಮೂರ ಸರ್ಕಲ್ಲಲ್ಲಿ ಈಗ್ಲೂ ಒಂದು ಟೇಬಲ್ ಹಾಕಿ, ಬಿಳಿ ಪಂಚೆ ಬಿಳಿ ಶರ್ಟಿನ ಫೋಟೋ ಇಟ್ಟು, ಹಾರ ಹಾಕಿ, ಬಂದೋರಿಗೆಲ್ಲ ಪಾನಕ ಮಜ್ಜಿಗೆ ಕೊಡ್ತಾರೆ. ಮೊದಲು ಇದೆಲ್ಲ ಮಾಡ್ತಿದ್ದ ಹುಡುಗ್ರು ಈಗ ಐವತ್ತು ದಾಟಿದಾರೆ, ಕೆಲವ್ರು ಎಪ್ಪತ್ತರ ಹತ್ರ. ಸ್ಪೀಕರಲ್ಲಿ ಒಂದಾದ್ಮೇಲೆ ಒಂದು ಹಾಡು ಬರ್ತಿತ್ತು, ಜನ ಅವರವರ ಪಾಡಿಗೆ ಮಾತಾಡ್ತಿದ್ರು, 'ಜೀವನ ಚೈತ್ರ'ದ 'ನಾದಮಯ' ಶುರು ಆಯ್ತು ನೋಡಿ, ಮಾತು ನಿಂತೋಯ್ತು. ಹಾಡು ಮುಗಿದ್ಮೇಲೆ ಒಬ್ರು ಹೇಳಿದ್ರು, "ಕ್ಯಾಸೆಟ್ ಬಂದ ದಿನಾನೇ ನಾನು ಹೇಳಿದ್ದೆ ಕಣ್ರಪ್ಪಾ, ಇದಕ್ಕೆ ದೊಡ್ಡ ಪ್ರಶಸ್ತಿ ಬರುತ್ತೆ ಅಂತ." ಇನ್ನೊಬ್ರು, ನಾನೂ ಅವತ್ತೇ ಅಂದಿದ್ದೆ ಅಂದ್ರು. ಮತ್ತೊಬ್ರು ಮೊದಲ್ನೇ ಸಲ ಕೇಳ್ದಾಗಲೇ ಕಣ್ಣಲ್ಲಿ ನೀರು ಬಂದಿತ್ತು ಅಂದ್ರು. ಎಲ್ರೂ ತಲೆ ಆಡಿಸಿದ್ರು, ನಾನೂ ಆಡಿಸ್ದೆ.

ಮನೆಗೆ ಬರ್ತಾ ದಾರೀಲಿ ಅದೊಂದು ಮನಸ್ಸಲ್ಲಿ ಕೊರೆಯೋಕೆ ಶುರು ಆಯ್ತು. ಯಾಕಂದ್ರೆ ನನಗೆ ಅವತ್ತು ಆ ಹಾಡು ಇಷ್ಟ ಆಗಿರ್ಲಿಲ್ಲ. ಇಷ್ಟ ಆಗ್ಲಿಲ್ಲ ಅನ್ನೋದನ್ನ ಯಾರ ಹತ್ರಾನೂ ಹೇಳಿರ್ಲಿಲ್ಲ, ಹೇಳೋ ಹಾಗೂ ಇರ್ಲಿಲ್ಲ. ಅವತ್ತು ಆ ಟೇಪ್ ರೆಕಾರ್ಡರ್ ಸುತ್ತ ಕೂತಿದ್ದೋರಲ್ಲಿ ಈ ಮೂರು ಜನದಲ್ಲಿ ಇಬ್ರು ಇದ್ರು, ಅವರ ಮುಖ ನನಗೆ ಇನ್ನೂ ನೆನಪಿದೆ. ಕಣ್ಣಲ್ಲಿ ನೀರು ಬಂದಿರ್ಲಿಲ್ಲ. ಅವರು ಸುಳ್ಳು ಹೇಳ್ತಿದಾರೆ ಅಂತ ನಾನು ಹೇಳ್ತಿಲ್ಲ, ಆ ಹಾಡಿನ ಜೊತೆ ಮೂವತ್ತು ಚಿಲ್ಲರೆ ವರ್ಷ ಬದುಕಿದ್ಮೇಲೆ ಮೊದಲ ದಿನ ಹೆಂಗಿತ್ತು ಅನ್ನೋದೇ ಬದಲಾಗ್ಬಿಡುತ್ತೇನೋ. ಆದ್ರೆ ಆ ಮೊದಲ ದಿನ ಹೋಗ್ಬಿಟ್ರೆ ಅದರ ಜೊತೆ ಇನ್ನೂ ಏನೇನೋ ಹೋಗುತ್ತೆ, ಮುಖ್ಯವಾಗಿ ನಮ್ಮ ಚಿಕ್ಕಪ್ಪ ಹೋಗ್ತಾನೆ. ಅದಕ್ಕೇ ಬರೀತಿದೀನಿ.

ಆ ಮೂರು ವರ್ಷ

'ಪರಶುರಾಮ್' ಬಂದಿದ್ದು 1989ರಲ್ಲಿ. ಆಮೇಲೆ 'ಜೀವನ ಚೈತ್ರ' ಬರೋ ತನಕ, ಅಂದ್ರೆ 1992ರ ತನಕ, ಅಣ್ಣಾವ್ರು ತೆರೆ ಮೇಲೆ ಇಲ್ಲ. ಈಗಿನವ್ರಿಗೆ ಮೂರು ವರ್ಷ ಅಂದ್ರೆ ಏನೂ ಅಲ್ಲ, ಒಬ್ಬ ಹೀರೋ ಒಂದು ಪಿಕ್ಚರ್ ಮುಗಿಸೋಕೇ ಅಷ್ಟು ಟೈಮ್ ತಗೋತಾರೆ. ಆದ್ರೆ 1954ರ 'ಬೇಡರ ಕಣ್ಣಪ್ಪ'ದಿಂದ ಶುರು ಮಾಡಿ ಇನ್ನೂರು ಸಿನಿಮಾ ಮಾಡಿದ ಮನುಷ್ಯ, ಒಂದೊಂದು ವರ್ಷ ಹತ್ತು ಹನ್ನೆರಡು ಬರ್ತಿದ್ದ ಕಾಲ ನೋಡಿದ ಜನಕ್ಕೆ, ಆ ಮೂರು ವರ್ಷ ಮನೇಲಿ ಹಿರಿಯರು ಎಲ್ಲೋ ಹೋಗಿ ಕಾಗದಾನೂ ಬರೀದೆ ಇದ್ದ ಹಾಗೆ. ಇನ್ನು ಬಣ್ಣ ಹಚ್ಚಲ್ವಂತೆ ಅಂತ ಒಬ್ರು, ಹುಷಾರಿಲ್ವಂತೆ ಅಂತ ಒಬ್ರು, ಮಕ್ಕಳು ಬಂದ್ರಲ್ಲ ಸಾಕು ಅನ್ಕೊಂಡ್ರಂತೆ ಅಂತ ಇನ್ನೊಬ್ರು. ಊರಿಗೆ ಪೇಪರ್ ಬರ್ತಿದ್ದಿದ್ದು ಒಂದೇ, ಅದೂ ಸೊಸೈಟಿಗೆ, ಮಧ್ಯಾಹ್ನದ ಹೊತ್ತಿಗೆ, ಹಾಗಾಗಿ ಸುದ್ದಿಗಿಂತ ಜಾಸ್ತಿ 'ಅಂತೆ'ಗಳೇ ಓಡಾಡ್ತಿದ್ವು.

ಆ ಮೂರು ವರ್ಷದಲ್ಲಿ ಏನೇನಾಯ್ತು ಅಂತ ನೆನೆಸ್ಕೊಂಡ್ರೆ ಈಗ ಆಶ್ಚರ್ಯ ಆಗುತ್ತೆ. 1990ರ ಸೆಪ್ಟೆಂಬರ್ 30ಕ್ಕೆ ಶಂಕರ್‌ನಾಗ್ ಹೋದ್ರು, ದಾವಣಗೆರೆ ಹತ್ರ ಆಕ್ಸಿಡೆಂಟಲ್ಲಿ. ಅಣ್ಣಾವ್ರನ್ನ ಹಾಕ್ಕೊಂಡು 'ಒಂದು ಮುತ್ತಿನ ಕಥೆ' ಮಾಡಿದ ಮನುಷ್ಯ. ಆಟೋದವ್ರ ಹೀರೋ ಅವರು. ಅವತ್ತು ನಮ್ಮೂರಲ್ಲಿ ಆಟೋ ಅನ್ನೋದೇ ಇರ್ಲಿಲ್ಲ, ಆದ್ರೂ ಗಂಡಸ್ರು ಅರಳಿಕಟ್ಟೆ ಮೇಲೆ ಕೂತು ಅತ್ತಿದ್ದು ನೋಡಿದೀನಿ. 1991ರ ಡಿಸೆಂಬರಲ್ಲಿ ಕಾವೇರಿ ಗಲಾಟೆ. ಹಾಡುಗಳ ಕಡೆ ನೋಡಿದ್ರೆ, 1987ರ 'ಪ್ರೇಮಲೋಕ' ಬಂದ್ಮೇಲೆ ಕನ್ನಡ ಕ್ಯಾಸೆಟ್ಟಿನ ಸದ್ದೇ ಬೇರೆ ಆಗಿತ್ತು, ಹಂಸಲೇಖ ಹಂಸಲೇಖ ಹಂಸಲೇಖ. 1991ರಲ್ಲಿ 'ರಾಮಾಚಾರಿ' ಬಂದಾಗ ನಮ್ಮ ಸ್ಕೂಲ್ ಹುಡುಗ್ರ ಬಾಯಲ್ಲಿ ಬೇರೆ ಹಾಡೇ ಇಲ್ಲ. ನನಗಾಗ ಹನ್ನೆರಡು ಹದಿಮೂರು. ಡ್ರಮ್ಮು, ಕೀಬೋರ್ಡು, ಮಾತಾಡೋ ಹಂಗೇ ಬರೆದ ಸಾಲು, ಅದೇ ನಮ್ಮ ಕಾಲದ ಹಾಡು ಅಂತ ನಮಗೆ ಗೊತ್ತಿತ್ತು.

ಅಂಥಾ ಹೊತ್ತಲ್ಲಿ ಅಣ್ಣಾವ್ರು ವಾಪಸ್ ಬರ್ತಾರಂತೆ ಅಂತ ಸುದ್ದಿ. ನಮ್ಮಲ್ಲಿ ಆಗ ಮೊದಲು ಬರೋದು ಕ್ಯಾಸೆಟ್ಟು, ಪಿಕ್ಚರು ಆಮೇಲೆ. ಈಗ ಹೊರದೇಶದಲ್ಲಿ ಹಾಡುಗಾರರು ಬಹಳ ವರ್ಷ ಸುಮ್ನಿದ್ದು ಹೊಸ ಆಲ್ಬಂ ತಂದ್ರೆ ಅದಕ್ಕೆ ಕಮ್‌ಬ್ಯಾಕ್ ಆಲ್ಬಂ ಅಂತಾರಲ್ಲ, ನಮಗೆ ಆ ಕ್ಯಾಸೆಟ್ಟೇ ಅದು. ಮುಖ ನೋಡೋಕೆ ಮುಂಚೆ ದನಿ ವಾಪಸ್ ಬಂತು.

ಕ್ಯಾಸೆಟ್ ಬಂದ ಸಾಯಂಕಾಲ

ಚಿಕ್ಕಪ್ಪ ತೆಂಗಿನಕಾಯಿ ಸುಲಿಯೋ ಕೆಲಸ ಮಾಡ್ತಿದ್ದ. ನಮ್ಮೂರು ಅರಸೀಕೆರೆ ತಿಪಟೂರು ಮಧ್ಯೆ, ಕಾಯಿ ಕೊಬ್ಬರಿ ಬಿಟ್ರೆ ಬೇರೆ ಮಾತಿಲ್ಲ. ಅವತ್ತು ತಿಪಟೂರು ಮಾರ್ಕೆಟ್ಟಿಗೆ ಕೊಬ್ಬರಿ ಹಾಕಿ ಬರೋಕೆ ಹೋದೋನು ಕತ್ಲೆ ಆಗೋ ಹೊತ್ತಿಗೆ ಬಂದ, ಶರ್ಟಿನ ಜೇಬಲ್ಲಿ ಕ್ಯಾಸೆಟ್ಟು. ಎರಡು ದಿನದ ಕೂಲಿ ಅದು. ಚಿಕ್ಕಮ್ಮ ಏನೂ ಅನ್ನಲಿಲ್ಲ, ಆ ದುಡ್ಡು ಸಾರಾಯಿ ಅಂಗಡಿಗೆ ಹೋಗದೆ ಕ್ಯಾಸೆಟ್ ಆಗಿ ಬಂತಲ್ಲ ಅಂತ ಸಮಾಧಾನ ಇತ್ತೋ ಏನೋ. ಟೇಪ್ ರೆಕಾರ್ಡರ್ ಇದ್ದಿದ್ದು ನಮ್ಮ ಅಟ್ಟದ ಮನೆಯಲ್ಲಿ. ಚಿಕ್ಕಪ್ಪ ಕೈಕಾಲು ತೊಳ್ಕೊಂಡು, ಹೆಡ್ಡಿಗೆ ಹತ್ತಿಯಲ್ಲಿ ಸ್ಪಿರಿಟ್ ಹಾಕಿ ಒರೆಸಿ, ಕ್ಯಾಸೆಟ್ಟನ್ನ ಕಣ್ಣಿಗೊತ್ಕೊಂಡು ಒಳಗೆ ಹಾಕಿದ. ಅಷ್ಟೊತ್ತಿಗೆ ಹತ್ತು ಹನ್ನೆರಡು ಜನ ಸೇರಿದ್ರು, ಬಾಗಿಲಲ್ಲಿ, ಜಗಲಿ ಮೇಲೆ.

ನಾವು ಏನು ಕಾಯ್ತಿದ್ವಿ? ನಾನಂತೂ ಚಿಕ್ಕಪ್ಪ ಹೇಳಿ ಹೇಳಿ ತಲೇಲಿ ತುಂಬಿದ್ದ ಅಣ್ಣಾವ್ರನ್ನ ಕಾಯ್ತಿದ್ದೆ. 'ಯಾರೇ ಕೂಗಾಡಲಿ' ಹಾಡ್ಕೊಂಡು ಎಮ್ಮೆ ಮೇಲೆ ಬರೋ ಅಣ್ಣಾವ್ರು. ಅದು 1974ರ ಹಾಡು, ಅಲ್ಲೀವರೆಗೂ ಪಿ.ಬಿ. ಶ್ರೀನಿವಾಸ್ ಅವರ ದನೀಲಿ ಹಾಡ್ತಿದ್ದ ಅಣ್ಣಾವ್ರು ಅಲ್ಲಿಂದ ಮುಂದೆ ತಮ್ಮ ಹಾಡು ತಾವೇ ಹಾಡೋಕೆ ಶುರು ಮಾಡಿದ್ದು, ನಾನು ಹುಟ್ಟೋಕೆ ಐದು ವರ್ಷ ಮುಂಚೆ. ಅಂದ್ರೆ ನಾನು ವಾಪಸ್ ಬರಲಿ ಅಂತ ಕಾಯ್ತಿದ್ದಿದ್ದು ನಾನು ನೋಡೇ ಇಲ್ದಿರೋ ಕಾಲಕ್ಕೆ. ದೊಡ್ಡವರು ಅವರವರ ಪ್ರಾಯದ ದಿನಗಳನ್ನ ಕಾಯ್ತಿದ್ರು ಅನ್ಸುತ್ತೆ, ಮದುವೆಗೆ ಮುಂಚೆ ಟೆಂಟಲ್ಲಿ ನೆಲದ ಮೇಲೆ ಕೂತು ನೋಡಿದ ಪಿಕ್ಚರುಗಳು, ಆಗ ಜೊತೇಲಿದ್ದ ಸ್ನೇಹಿತರು. ಮೂರು ವರ್ಷ ಕಾದ್ವಿ ಅಂತ ಹೇಳ್ತೀವಿ, ನಿಜವಾಗಿ ಅದಕ್ಕಿಂತ ಹಿಂದಿನದನ್ನ ಕಾಯ್ತಿದ್ವಿ.

ಬೇರೆ ಹಾಡುಗಳು ಬಂದ್ವು, ಜನ ಅಲ್ಲಲ್ಲೇ ತಾಳ ಹಾಕಿದ್ರು. ಆಮೇಲೆ ಇದು. ಮೊದಲು ಆಲಾಪ. ಪಲ್ಲವಿ ಬೇಗ ಬರಲ್ಲ, ಬಂದ್ರೂ ಒಂದು ಕಡೆ ನಿಲ್ಲಲ್ಲ, ದನಿ ಹೋಗ್ತಾನೇ ಇರುತ್ತೆ, ಶಾಸ್ತ್ರೀಯ ಸಂಗೀತದ ಕಚೇರಿ ಹಂಗೆ. ನನಗೆ ಇದು ಯಾವಾಗ ಮುಗಿಯುತ್ತೆ ಅನ್ನಿಸ್ತು. ಅದನ್ನ ಅನ್ಕೊಂಡ ತಕ್ಷಣ ಎದೆಯಲ್ಲಿ ಭಯ ಆಯ್ತು, ದೇವರ ಮುಂದೆ ಏನೋ ತಪ್ಪು ಯೋಚನೆ ಮಾಡಿದ ಹಾಗೆ. ಸುತ್ತ ನೋಡ್ದೆ. ಎಲ್ರೂ ಸುಮ್ನೆ ಕೂತಿದ್ರು, ಗೌರವದಿಂದ, ಆದ್ರೆ ಒಬ್ಬ ಕಾಲು ಬದಲಾಯಿಸ್ತಿದ್ದ, ಇನ್ನೊಬ್ಬ ಬೀಡಿ ಹುಡುಕ್ತಿದ್ದ. ಹಾಡು ಮುಗಿದ್ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ. ಆಮೇಲೆ ಒಬ್ರು "ಭಾರಿ ಕಷ್ಟದ ಹಾಡು ಹಾಡವ್ರೆ" ಅಂದ್ರು. ಅಷ್ಟೇ. ಚೆನ್ನಾಗೈತೆ ಅಂತ ಯಾರೂ ಅನ್ನಲಿಲ್ಲ, ಚೆನ್ನಾಗಿಲ್ಲ ಅಂತ ಅನ್ನೋಕೆ ಯಾರಿಗೂ ಬಾಯಿ ಬರಲಿಲ್ಲ.

ಅಭಿಮಾನ ಅಂದ್ರೆ ಹಿಂಗೂ ಇರುತ್ತೆ. ಅವರು ನಮ್ಮನ್ನ 'ಅಭಿಮಾನಿ ದೇವರುಗಳು' ಅಂತ ಕರೀತಿದ್ರು, ಅಷ್ಟು ದೊಡ್ಡ ಜಾಗ ಕೊಟ್ಟೋರ ಮುಂದೆ ನಮ್ಮ ಬೇಸರವನ್ನ ಹೇಳೋದು ಹೆಂಗೆ? ಆ ಬೇಸರ ಬಾಯಿಗೆ ಬರದೇ ಒಳಗೇ ಉಳೀತು, ಆಮೇಲೆ ಕರಗಿಹೋಯ್ತು, ಈಗ ಅದು ಇತ್ತು ಅನ್ನೋ ಗುರುತೂ ಇಲ್ಲ.

ಚಿಕ್ಕಪ್ಪ ಒಬ್ಬ ಮಾತ್ರ ಏಳ್ಲಿಲ್ಲ. ಎಲ್ರೂ ಹೋದ್ಮೇಲೆ ರಿವೈಂಡ್ ಮಾಡಿ ಅದೇ ಹಾಡು ಮತ್ತೆ ಹಾಕಿದ. ನಾನು ಅಲ್ಲೇ ನಿದ್ದೆ ಹೋಗಿದ್ದೆ, ರಾತ್ರಿ ಎಚ್ಚರ ಆದಾಗ ಇನ್ನೂ ಓಡ್ತಿತ್ತು, ಸಣ್ಣಗೆ. ಅವನು ಗೋಡೆಗೆ ಒರಗಿ ಕೂತಿದ್ದ. "ಏನು ಕೇಳ್ತಿದ್ದೀಯ ಚಿಕ್ಕಪ್ಪ" ಅಂದೆ. "ಮಲಕ್ಕಳ್ಲಾ" ಅಂದ, ಆಮೇಲೆ ಒಂದು ನಿಮಿಷ ಬಿಟ್ಟು, "ಉಸ್ರು ಎಲ್ಲಿ ತಗೋತಾರೆ ಅಂತ ನೋಡ್ತಿದೀನಿ, ಸಿಕ್ತಿಲ್ಲ" ಅಂದ.

63ರ ಉಸಿರು

ಆ ಮಾತು ನನಗೆ ಅರ್ಥ ಆಗೋಕೆ ಹದಿನೈದು ವರ್ಷ ಬೇಕಾಯ್ತು. 1929ರಲ್ಲಿ ಹುಟ್ಟಿದೋರು, 1992 ಅಂದ್ರೆ 63. ಆ ವಯಸ್ಸಿಗೆ ನಮ್ಮ ಮನೆ ಗಂಡಸ್ರು ಮೆಟ್ಲು ಹತ್ತಿದ್ರೆ ಕೂತ್ಕೋತಾರೆ. ಈ ಹಾಡಲ್ಲಿ ಆಕಾರ, ಅಂದ್ರೆ ಮಾತಿಲ್ದೆ ಬರೀ 'ಆ' ಅಂತ ಹಾಡೋದು, ಓಡೋ ಜಾಗ ಇದೆಯಲ್ಲ, ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ಅಲ್ಲಿ ಎಲ್ಲೂ ದನಿ ಒಡೆಯಲ್ಲ, ಎಲ್ಲೂ ತಳ್ಳಿದ ಹಾಗೆ ಕೇಳಲ್ಲ. ಅವರ ಅಪ್ಪ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ನಾಟಕದೋರು, ಇವರೂ ಗುಬ್ಬಿ ಕಂಪನಿಯಲ್ಲಿ ಬೆಳೆದೋರು. ಕಂಪನಿ ನಾಟಕ ಅಂದ್ರೆ ಕೊನೇ ಸಾಲಲ್ಲಿ ಕೂತೋನಿಗೂ ಹಾಡು ಮುಟ್ಟಬೇಕು, ಮೈಕು ಮುಂದೆ ಹಿಡ್ಕೊಂಡು ಕಲಿತ ಗಂಟಲು ಅಲ್ಲ ಅದು. ಹಾಗೆ ನೋಡಿದ್ರೆ 1974ಕ್ಕೂ ಮುಂಚೆ ಅಲ್ಲೊಂದು ಇಲ್ಲೊಂದು ಸಿನಿಮಾಕ್ಕೆ ಹಾಡಿದ್ರು ಕೂಡ, 1956ರ 'ಓಹಿಲೇಶ್ವರ'ದಲ್ಲಿ, 1959ರ 'ಮಹಿಷಾಸುರ ಮರ್ದಿನಿ'ಯಲ್ಲಿ ಎಸ್. ಜಾನಕಿ ಅವರ ಜೊತೆ. ಆದ್ರೆ ಜನ ಅವರನ್ನ ಹಾಡುಗಾರ ಅಂತ ಕರೆದಿದ್ದು ಕಮ್ಮಿ. ಹೀರೋ ತಾನೇ ಹಾಡ್ಕೋತಾನೆ ಅನ್ನೋ ಲೆಕ್ಕದಲ್ಲಿ ನೋಡಿದ್ರು.

ಹಾಡು ಬರೆದಿದ್ದು ಚಿ. ಉದಯಶಂಕರ್, ಸಂಗೀತ ಉಪೇಂದ್ರ ಕುಮಾರ್. ಉಪೇಂದ್ರ ಕುಮಾರ್ ಒಡಿಶಾದೋರು, 'ಪ್ರೇಮದ ಕಾಣಿಕೆ', 'ಶಂಕರ್ ಗುರು' ಎಲ್ಲ ಅವರದೇ. ಡೈರೆಕ್ಷನ್ ದೊರೆ-ಭಗವಾನ್, 'ಕಸ್ತೂರಿ ನಿವಾಸ'ದ ಕಾಲದಿಂದ ಅಣ್ಣಾವ್ರ ಜೊತೆ ಇದ್ದೋರು. ಅಂದ್ರೆ ವಾಪಸ್ ಬರೋವಾಗ ಅಣ್ಣಾವ್ರು ಹಳೇ ಜನರನ್ನೇ ಜೊತೆಗಿಟ್ಕೊಂಡು ಬಂದ್ರು. ಇದನ್ನ ನಾನು ಹದಿಮೂರನೇ ವಯಸ್ಸಲ್ಲಿ ತಪ್ಪು ಅಂತಾನೇ ತಿಳಿದಿದ್ದೆ. ಕ್ಲಾಸಲ್ಲಿ ಹುಡುಗ್ರು ರವಿಚಂದ್ರನ್ ಹಾಡು ಹಾಡ್ಕೊಂಡು ಕುಣೀತಿರೋವಾಗ ನಾನು ಯಾವ ಹಾಡು ಹಾಡಿ ಎದುರು ನಿಲ್ಲಲಿ? ನನಗೆ ಆ ಕ್ಯಾಸೆಟ್ಟು ಆಯುಧ ಆಗ್ಬೇಕಿತ್ತು, ಅದು ಆಗ್ಲಿಲ್ಲ. ಈಗ ಕೇಳಿದ್ರೆ ಬೇರೆ ಅನ್ಸುತ್ತೆ. ಕಾಲ ಇಷ್ಟು ಬದಲಾಗಿದೆ ಅಂತ ಅವರಿಗೆ ಗೊತ್ತಿರ್ಲಿಲ್ವಾ? ಗೊತ್ತಿತ್ತು. ಮೂರು ವರ್ಷ ಆದ್ಮೇಲೆ ಬರ್ತಿರೋ ಮನುಷ್ಯ, ಜನಕ್ಕೆ ಬೇಗ ಹಿಡಿಯೋ ಅಂಥದ್ದನ್ನ ಹಾಡ್ಬೋದಿತ್ತು. ಹಾಡೋಕೆ ಕಷ್ಟ, ಕೇಳೋಕೂ ಕಷ್ಟ ಇರೋದನ್ನ ಹಾಡಿದ್ರು. ಸಿನಿಮಾದಲ್ಲೂ ಹಾಗೇ, ಗಡ್ಡ ಬಿಟ್ಕೊಂಡು, ಹಿಮದ ಬೆಟ್ಟದ ಮುಂದೆ, ಫೈಟಿಲ್ಲ ಡ್ಯಾನ್ಸಿಲ್ಲ. ಕೃಷ್ಣ ಕೊಳಲು ಊದಿದಾಗ ನದಿ ನೀರೂ ಮೋಡಾನೂ ಹರಿಯೋದು ಮರೆತು ನಿಂತ್ವು ಅಂತ ಹಾಡಲ್ಲಿ ಬರುತ್ತೆ, ಅದನ್ನ ಹಾಡೋ ದನಿ ಮಾತ್ರ ಎಲ್ಲೂ ನಿಲ್ಲಲ್ಲ.

ಆಮೇಲೆ ಪ್ರಶಸ್ತಿ. 1992ರ ಸಾಲಿನ ರಾಷ್ಟ್ರಪ್ರಶಸ್ತಿ, ಅತ್ಯುತ್ತಮ ಹಿನ್ನೆಲೆ ಗಾಯಕ. ಜೀವಮಾನ ಪೂರ್ತಿ ನಟನೆಗೆ ಬರದ ರಾಷ್ಟ್ರಪ್ರಶಸ್ತಿ ಹಾಡಿಗೆ ಬಂತು. ಆ ವರ್ಷದ ಪಟ್ಟಿ ನನಗೆ ಬಹಳ ಇಷ್ಟ, ಎಷ್ಟೋ ಸಲ ಅದನ್ನ ಓದಿದೀನಿ. ಅತ್ಯುತ್ತಮ ಗಾಯಕಿ ಎಸ್. ಜಾನಕಿ, ತಮಿಳಿನ 'ದೇವರ್ ಮಗನ್' ಹಾಡಿಗೆ. 1959ರಲ್ಲಿ ಜೊತೇಲಿ ಹಾಡಿದ ಇಬ್ರು 33 ವರ್ಷ ಆದ್ಮೇಲೆ ಒಂದೇ ಪಟ್ಟಿಯಲ್ಲಿ. ಅತ್ಯುತ್ತಮ ಸಂಗೀತ ಎ.ಆರ್. ರೆಹಮಾನ್, 'ರೋಜಾ'ಗೆ, ಅವರ ಮೊದಲ ಸಿನಿಮಾಕ್ಕೆ. ಅಂದ್ರೆ ಮುಂದಿನ ಮೂವತ್ತು ವರ್ಷ ನಾವು ಕೇಳೋ ಸದ್ದು ಮತ್ತೆ ಕಂಪನಿ ನಾಟಕದಿಂದ ಬಂದ ಗಂಟಲು, ಎರಡಕ್ಕೂ ಒಂದೇ ವರ್ಷ ಮನ್ನಣೆ. ನಮ್ಮೂರಲ್ಲಿ ಅವತ್ತು ಪಟಾಕಿ ಹೊಡೆದ್ರು. ಆ ರಾತ್ರಿ ಅದೇ ಕ್ಯಾಸೆಟ್ಟನ್ನ ಮತ್ತೆ ಹಾಕಿದಾಗ ಜನ ಬೇರೆ ಥರ ಕೂತಿದ್ರು, ಅದನ್ನ ನಾನು ನೋಡಿದೀನಿ. ಈಗ 'ಮೊದಲ ದಿನಾನೇ ಹೇಳಿದ್ದೆ' ಅನ್ನೋರಿಗೆ ನೆನಪಿರೋದು ಬಹುಶಃ ಈ ದಿನ.

ನನಗೆ ಆವತ್ತೂ ಇಷ್ಟ ಆಗ್ಲಿಲ್ಲ. ಹೆಮ್ಮೆ ಆಯ್ತು, ಇಷ್ಟ ಆಗ್ಲಿಲ್ಲ. ಈ ಎರಡೂ ಬೇರೆ ಬೇರೆ ಅಂತ ಆ ವಯಸ್ಸಲ್ಲೇ ಗೊತ್ತಾಗಿದ್ದು ನೆನಪಿದೆ.

ಸಾರಾಯಿ ಅಂಗಡಿ

ಪಿಕ್ಚರು ತಿಪಟೂರಿಗೆ ಬಂದಾಗ ನಮ್ಮೂರಿಂದ ಟ್ರ್ಯಾಕ್ಟರಲ್ಲಿ ಹೋದ್ವಿ. ಹೆಂಗಸ್ರೇ ಜಾಸ್ತಿ. ಕಥೆ ನಿಮಗೆಲ್ಲ ಗೊತ್ತು, ಸಾರಾಯಿ ವಿರುದ್ಧ ಅಣ್ಣಾವ್ರು ನಿಲ್ಲೋ ಭಾಗ ಬಂದಾಗ ಥಿಯೇಟರಲ್ಲಿ ಹೆಂಗಸ್ರ ಕಡೆಯಿಂದ ಬಂದ ಸದ್ದು ಶಿಳ್ಳೆ ಚಪ್ಪಾಳೆ ಥರ ಇರ್ಲಿಲ್ಲ, ಅದು ಬೇರೆ ಏನೋ, ಅಳೋದೂ ಬೈಯೋದೂ ಸೇರಿದ ಹಾಗೆ. ಚಿಕ್ಕಮ್ಮ ನನ್ನ ಪಕ್ಕ ಕೂತಿತ್ತು. ಸೆರಗು ಬಾಯಿಗೆ ಇಟ್ಕೊಂಡು ತೆರೆ ನೋಡ್ತಿತ್ತು, ಚಿಕ್ಕಪ್ಪನ ಕಡೆ ಒಂದ್ಸಲಾನೂ ತಿರುಗಲಿಲ್ಲ. ಚಿಕ್ಕಪ್ಪ ಎರಡು ಸಾಲು ಮುಂದೆ ಇದ್ದ, ತಲೆ ಮಾತ್ರ ಕಾಣ್ತಿತ್ತು, ಆ ತಲೆ ಬಗ್ಗೋಗಿತ್ತು.

ಆ ಹೊತ್ತಲ್ಲೇ ಪಕ್ಕದ ಆಂಧ್ರದ ನೆಲ್ಲೂರು ಕಡೆ ಹೆಂಗಸ್ರು ಸಾರಾಯಿ ಅಂಗಡಿ ಮುಚ್ಚಿಸ್ತಿದ್ರು, ಅದರ ಸುದ್ದಿ ಪೇಪರಲ್ಲಿ ಬರ್ತಿತ್ತು. ನಮ್ಮೂರಲ್ಲಿ ಪಿಕ್ಚರ್ ನೋಡಿ ಬಂದ ವಾರದಲ್ಲೇ ಏಳೆಂಟು ಹೆಂಗಸ್ರು ಸೇರಿ ಅಂಗಡಿ ಮುಂದೆ ಹೋಗಿ ಕೂತ್ರು. ಯಾರೂ ಭಾಷಣ ಮಾಡ್ಲಿಲ್ಲ, ಸುಮ್ನೆ ಕೂತ್ರು, ಅವರವರ ಗಂಡಂದಿರು ಅವರನ್ನ ದಾಟ್ಕೊಂಡು ಒಳಗೆ ಹೋಗ್ಬೇಕು. ಒಂದು ವಾರ ಅಂಗಡಿ ಮುಚ್ತು. ಆಮೇಲೆ ಕೆರೆ ಏರಿ ಆಚೆ ಮತ್ತೆ ತೆಗೆದ್ರು. ಕರ್ನಾಟಕದಲ್ಲಿ ಸಾರಾಯಿ ನಿಂತಿದ್ದು 2007ರ ಜುಲೈ 1ಕ್ಕೆ, ಅಲ್ಲೀವರೆಗೆ ಎಷ್ಟು ಮನೆ ಏನೇನಾಗ್ಬೇಕೋ ಆಯ್ತು.

ಚಿಕ್ಕಪ್ಪ ಬಿಟ್ಟ. ದಸರಾದಿಂದ ಸಂಕ್ರಾಂತಿವರೆಗೆ. ಯಾರೂ ಬಿಡು ಅಂತ ಹೇಳಿರ್ಲಿಲ್ಲ, ಅವನೂ ಬಿಟ್ಟೆ ಅಂತ ಹೇಳ್ಲಿಲ್ಲ. ಸಾಯಂಕಾಲ ಅಂಗಡಿಗೆ ಹೋಗ್ತಿದ್ದ ಹೊತ್ತಿಗೆ ಮನೆಗೆ ಬಂದು ಕ್ಯಾಸೆಟ್ ಹಾಕ್ತಿದ್ದ. ಕೈ ನಡುಗ್ತಿತ್ತು, ಹಾಡು ಮುಗಿಯೋದು, ರಿವೈಂಡ್, ಮತ್ತೆ, ರಿವೈಂಡ್, ಮತ್ತೆ. ಆಗ ನನಗೆ ಹಿಂಸೆ ಅನ್ನಿಸ್ತಿತ್ತು, ಬೇರೆ ಹಾಡು ಹಾಕು ಚಿಕ್ಕಪ್ಪ ಅಂತಿದ್ದೆ. ಈಗ ಅನ್ಸುತ್ತೆ, ಆ ಒಂದೊಂದು ಸಲದ ಹಾಡಿನಷ್ಟು ಹೊತ್ತನ್ನ ಅವನು ದಾಟ್ತಿದ್ದ. ಒಂದು ಹಾಡು ದಾಟಿದ್ರೆ ಇನ್ನೊಂದು. ಹಂಗೆ ದಾಟ್ಕೊಂಡು ದಾಟ್ಕೊಂಡು ಮೂರೂವರೆ ತಿಂಗಳು ಹೋದ. ಸಂಕ್ರಾಂತಿ ಆದ್ಮೇಲೆ ಒಂದಿನ ಕಾಯಿ ಲೆಕ್ಕದಲ್ಲಿ ಯಾರೋ ಮೋಸ ಮಾಡಿದ್ರು, ಅವತ್ತು ಕುಡ್ಕೊಂಡು ಬಂದ. ಚಿಕ್ಕಮ್ಮ ಅವತ್ತು ಜಗಳ ಆಡ್ಲಿಲ್ಲ. ಮೂರೂವರೆ ತಿಂಗಳು ಇತ್ತಲ್ಲ ಅಂತ ಆಮೇಲೆ ಯಾವಾಗ್ಲೋ ಹೇಳ್ತು, ಆ ಮೂರೂವರೆ ತಿಂಗಳು ನಮ್ಮನೆ ಹೆಂಗಿತ್ತು ಅಂತ ನಿನಗೂ ಗೊತ್ತಲ್ಲ ಅಂತು. ಗೊತ್ತಿತ್ತು.

ಒಂದು ಗೇಣು

ಅಷ್ಟು ಸಲ ಓಡಿಸಿದ್ರೆ ಟೇಪು ಎಷ್ಟು ದಿನ ತಡಿಯುತ್ತೆ. ಒಂದಿನ ಸುತ್ಕೊಂಡ್ಬಿಡ್ತು. ಆ ಸದ್ದು ನಮ್ಮ ವಯಸ್ಸಿನೋರಿಗೆಲ್ಲ ಗೊತ್ತಿರುತ್ತೆ, ದನಿ ಒಮ್ಮೆ ಎಳೆದು, ಕೆಳಗಿಳಿದು, ನಿಂತೋಗುತ್ತೆ. ಚಿಕ್ಕಪ್ಪ ಬಾಗಿಲು ತೆಗೆದು ನೋಡಿದ್ರೆ ಟೇಪು ರೋಲರಿಗೆ ಸುತ್ಕೊಂಡು ನುಗ್ಗುನುರಿ. ಅವನು ಉಗುರಲ್ಲಿ ಒಂದೊಂದೇ ಸುತ್ತು ಬಿಡಿಸಿದ. ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿ, ಹಾಳಾಗಿದ್ದ ಭಾಗಾನ ಬ್ಲೇಡಲ್ಲಿ ಕತ್ತರಿಸಿ, ಎರಡು ತುದಿ ಸೇರಿಸಿ ಸೆಲ್ಲೋ ಟೇಪ್ ಅಂಟಿಸಿದ. ಕಾಯಿ ಸುಲಿದು ಸುಲಿದು ದಪ್ಪ ಆಗಿದ್ದ ಬೆರಳು, ಅಷ್ಟು ಸಣ್ಣ ಕೆಲಸ ಹೆಂಗೆ ಮಾಡಿದ್ನೋ. ಕತ್ತರಿಸಿದ್ದು ಹತ್ರತ್ರ ಒಂದು ಗೇಣು. ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತೆ ಅಂತ ಆಮೇಲೆ ತಿಳ್ಕೊಂಡೆ, ಒಂದು ಗೇಣು ಅಂದ್ರೆ ನಾಲ್ಕೂವರೆ ಸೆಕೆಂಡಿನಷ್ಟು ಹಾಡು. ಟೇಪು ಒಂದೇ ಆದ್ದರಿಂದ ಆ ಕಡೆ ಸೈಡಿನ ಹಾಡಲ್ಲೂ ಅಷ್ಟೇ ಹೋಯ್ತು, ಅದರ ಕಡೆ ಯಾರೂ ಗಮನ ಕೊಡ್ಲಿಲ್ಲ.

ಹೋಗಿದ್ದು ಆಕಾರ ಓಡೋ ಜಾಗದಲ್ಲಿ. ದನಿ ಮೇಲೆ ಹೋಗ್ತಾ ಹೋಗ್ತಾ ಸಣ್ಣದೊಂದು ಟಕ್ ಅಂತ ಸದ್ದು, ಆಮೇಲೆ ಸೀದಾ ಬೇರೆ ಕಡೆ ಇರ್ತಿತ್ತು. ನಮ್ಮನೇಲಿ ಆ ಹಾಡು ಮುಂದೆ ಯಾವಾಗ್ಲೂ ಹಂಗೇ. ಹಬ್ಬದಲ್ಲಿ ಮೈಕ್ ಸೆಟ್ಟಿನೋರು ಹಾಕಿದ್ದನ್ನ ದೂರದಿಂದ ಕೇಳ್ತಿದ್ವಿ, ಅಲ್ಲಿ ಗದ್ದಲದಲ್ಲಿ ಏನೂ ಗೊತ್ತಾಗ್ತಿರ್ಲಿಲ್ಲ. ಪಿಯುಸಿಗೆ ಮೈಸೂರಿಗೆ ಬಂದು ಹಾಸ್ಟೆಲ್ಲಲ್ಲಿದ್ದಾಗ ಒಂದು ರಾತ್ರಿ ರೇಡಿಯೋದಲ್ಲಿ ಬಂತು. ಊರು ಬಿಟ್ಟು ಎರಡು ತಿಂಗಳು ಆಗಿತ್ತು. ನಾನು ಮಲಗೇ ಕೇಳ್ತಿದ್ದೆ, ಆ ಜಾಗ ಹತ್ರ ಬಂತು, ನನ್ನ ಮೈ ಅದಕ್ಕೆ ತಾನಾಗೇ ರೆಡಿ ಆಯ್ತು, ಟಕ್ ಅನ್ನೋದು ಬರ್ಲಿಲ್ಲ. ದನಿ ಮುಂದಕ್ಕೆ ಹೋಯ್ತು. ನಾನು ಯಾವತ್ತೂ ಹೋಗಿರದ ಜಾಗಕ್ಕೆ ಹೋಗಿ, ಅಲ್ಲಿ ಒಂದು ಸುತ್ತು ಹಾಕಿ, ಇಳಿದು ಬಂತು. ನಾಲ್ಕೂವರೆ ಸೆಕೆಂಡು. ನಾನು ಎದ್ದು ಕೂತೆ. ಆ ಹಾಡು ನನಗೆ ಇಷ್ಟ ಆಗಿದ್ದು ಆ ರಾತ್ರಿ, ಕ್ಯಾಸೆಟ್ ಬಂದ ಮೂರು ವರ್ಷಕ್ಕೆ.

ಅಷ್ಟೊತ್ತಿಗೆ ಎಷ್ಟೋ ಬದಲಾಗಿತ್ತು. 1993ರಲ್ಲಿ 'ಆಕಸ್ಮಿಕ' ಬಂತು, ತರಾಸು ಕಾದಂಬರಿಗಳ ಆಧಾರ, ನಾಗಾಭರಣ ಅವರ ನಿರ್ದೇಶನ. ಸಾಹಿತ್ಯ ಸಂಗೀತ ಎರಡೂ ಹಂಸಲೇಖ, 'ಹುಟ್ಟಿದರೆ ಕನ್ನಡ ನಾಡಲ್ ಹುಟ್ಟಬೇಕು' ಅದರದೇ. ನನಗೆ ಬೇಕಿದ್ದ ಆಯುಧ ಒಂದು ವರ್ಷ ತಡ ಆಗಿ ಸಿಕ್ತು, ಕ್ಲಾಸಲ್ಲಿ ಎದೆ ಎತ್ತಿ ಹಾಡ್ದೆ. ಅದೇ ವರ್ಷ ಚಿ. ಉದಯಶಂಕರ್ ತೀರ್ಕೊಂಡ್ರು. ಹಾಗಾಗಿ 'ನಾದಮಯ' ಅಣ್ಣಾವ್ರು ಉದಯಶಂಕರ್ ಇಬ್ರ ಜೋಡಿಯ ಕೊನೇ ದಿನಗಳ ಹಾಡು, ನಾವು ಅಟ್ಟದಲ್ಲಿ ಕೂತು ಕಾಲು ಬದಲಾಯಿಸ್ತಿದ್ದಾಗ ನಮಗೆ ಅದು ಗೊತ್ತಿರ್ಲಿಲ್ಲ. ವಾಪಸ್ ಬರೋ ಹಾಡು ಅಂತ ಕೇಳಿದ್ವಿ, ಅದರಲ್ಲೇ ಒಬ್ರು ಹೊರಡ್ತಿದ್ರು.

ಚಿಕ್ಕಪ್ಪ 2003ರಲ್ಲಿ ಹೋದ, ಲಿವರ್. ಅಣ್ಣಾವ್ರು ಹೋಗಿದ್ದು 2006ರ ಏಪ್ರಿಲ್ 12. ನಾನಾಗ ಬೆಂಗಳೂರಲ್ಲಿ ಕೆಲಸದಲ್ಲಿದ್ದೆ, ಅವತ್ತಿನ ಬೆಂಗಳೂರಿನ ಬಗ್ಗೆ ಎಲ್ರೂ ಬರೆದಿದಾರೆ, ನಾನು ಬರೆಯಲ್ಲ. ಚಿಕ್ಕಪ್ಪ ಈ ದಿನ ನೋಡ್ಲಿಲ್ಲವಲ್ಲ ಅಂತ ಅನ್ಕೊಂಡಿದ್ದು ಮಾತ್ರ ನೆನಪಿದೆ.

ಈ ಏಪ್ರಿಲ್ 24ರ ಸಾಯಂಕಾಲ, ಸರ್ಕಲ್ಲಿಂದ ಬಂದೋನು ಚಿಕ್ಕಮ್ಮನ ಮನೆಗೆ ಹೋದೆ. ಪಡಸಾಲೆಯಲ್ಲಿ ಗೋಣಿಚೀಲ ಹಾಸ್ಕೊಂಡು ಹುಣಸೆಹಣ್ಣು ಬಿಡಿಸ್ತಾ ಕೂತಿತ್ತು. ಮೊದಲ ದಿನ ಯಾರಿಗೂ ಆ ಹಾಡು ಇಷ್ಟ ಆಗಿರ್ಲಿಲ್ಲ ಅಲ್ವಾ ಚಿಕ್ಕಮ್ಮ ಅಂತ ಕೇಳ್ದೆ. "ನಿಮ್ಮ ಚಿಕ್ಕಪ್ಪಂಗೂ ಇಷ್ಟ ಆಗಿರ್ಲಿಲ್ಲ" ಅಂತು. ನನಗೆ ನಂಬೋಕಾಗ್ಲಿಲ್ಲ. "ಹೂಂ ಕಣಪ್ಪ. ಅಷ್ಟು ಕಷ್ಟಪಟ್ಟು ಹಾಡವ್ರೆ, ನಂಗೆ ತಿಳೀತಿಲ್ಲ ಅಂದ್ರೆ ತಪ್ಪು ನಂದೇ, ತಿಳಿಯೋತನಕ ಕೇಳ್ತೀನಿ ಅಂತಿದ್ದ." ಮತ್ತೆ ಹುಣಸೆಹಣ್ಣು ಬಿಡಿಸೋಕೆ ಶುರು ಮಾಡ್ತು.

ನಾನು ಮೊಬೈಲಲ್ಲಿ ಹಾಡು ಹಾಕಿ ಮೊರದ ಪಕ್ಕ ಇಟ್ಟೆ. ಚಿಕ್ಕಮ್ಮ ಕೇಳ್ತಿದೆಯೋ ಇಲ್ವೋ ಗೊತ್ತಾಗ್ಲಿಲ್ಲ, ಕೈ ಅದರ ಪಾಡಿಗೆ ಓಡ್ತಿತ್ತು, ಬೀಜ ಒಂದು ಕಡೆ, ನಾರು ಒಂದು ಕಡೆ. ಆಲಾಪ ಆಯ್ತು, ಪಲ್ಲವಿ ಆಯ್ತು, ಆಕಾರ ಶುರು ಆಯ್ತು. ಆ ಜಾಗಕ್ಕೆ ಸರಿಯಾಗಿ ಚಿಕ್ಕಮ್ಮನ ಕೈ ನಿಂತೋಯ್ತು. ದನಿ ಮೇಲಕ್ಕೆ ಹೋಗಿ ಇಳಿಯೋವರೆಗೂ ಹಣ್ಣು ಬೆರಳಲ್ಲೇ ಇತ್ತು.

"ಇಲ್ಲಿ ಹಾರ್ತಿತ್ತಲ್ವೇನಪ್ಪಾ" ಅಂತು.

"ಹೂಂ, ಇಲ್ಲೇ."

"ಇನ್ನೊಂದ್ಸಲ ಹಾಕು."